ಹನ್ನೆರಡು ನಿಮಿಷದ ಆಚಾನ್

ನಮ್ಮೂರಿಗೆ ಬರುವ ಪ್ರವಾಸಿಗಳೆಲ್ಲ ಹೇಳುವುದು ಒಂದೇ ಮಾತು: ಎಷ್ಟು ಶಾಂತವಾಗಿದೆ! ಮೊದಲ ದಿನ ಅದನ್ನು ಹೊಗಳಿಕೆಯಾಗಿ ಹೇಳುತ್ತಾರೆ, ಎರಡನೆಯ ದಿನ ದೂರಾಗಿ ಹೇಳುತ್ತಾರೆ, ಮೂರನೆಯ ದಿನ ಬಸ್ಸು ಹತ್ತುತ್ತಾರೆ. ನಮ್ಮ ಈ ವಿಯಂಗ್‌ಚಾನ್ ಲಾವೋಸಿನ ರಾಜಧಾನಿ ಎಂದರೆ ನಂಬುವುದೇ ಅವರಿಗೆ ಕಷ್ಟ. ಒಬ್ಬಳು ನನ್ನ ಅಂಗಡಿಯ ಮುಂದೆ ಬಾಡಿಗೆ ಸೈಕಲ್ಲು ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ, ಊರು ಎಲ್ಲಿಂದ ಶುರುವಾಗುತ್ತದೆ ಎಂದು ಕೇಳಿದ್ದಳು. ಅವಳು ನಿಂತಿದ್ದದ್ದು ಊರಿನ ನಟ್ಟನಡುವೆ. ನಾನು ಸುಮ್ಮನೆ ಹೊಳೆಯ ಕಡೆ ಕೈ ತೋರಿಸಿದೆ. ಅವಳು ನಮಸ್ಕಾರ ಹೇಳಿ ಅತ್ತ ಹೋದಳು.

ಇಂಥವರ ಜೀವ ಕರೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನು ಆಚಾನ್ ಬುನ್ಲೊಟ್. ಅವನ ಕತೆಯನ್ನು ಹೇಳುತ್ತೇನೆ. ಮರ್ಯಾದೆ ಕೊಟ್ಟು ಹೇಳುತ್ತೇನೆಂದು ಯಾರೂ ಕಾಯಬೇಡಿ.

ನನ್ನ ಹೆಸರು ಕೇವ್, ಬೀದಿಯವರ ಬಾಯಲ್ಲಿ ಕೇವಕ್ಕ. ಬೌದ್ಧ ವಿಹಾರದ ಹಿಂದಿನ ಬೀದಿಯಲ್ಲಿ ನನ್ನದು ಬಾಳೆಲೆ ಗೋಪುರ ಕಟ್ಟುವ ಅಂಗಡಿ. ಎಲೆಯನ್ನು ಸುರುಳಿ ಸುತ್ತಿ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ತುದಿಯುದ್ದಕ್ಕೂ ಚೆಂಡುಹೂವು ಸಿಕ್ಕಿಸುವುದು ನನ್ನ ಕೆಲಸ. ಮದುವೆ, ಬಾಣಂತನ, ಹೊಸ ಮನೆ, ಊರು ಬಿಡುವುದು, ಊರಿಗೆ ಮರಳುವುದು, ಕಾಯಿಲೆ, ಯಾವುದೇ ಇರಲಿ, ನಮ್ಮಲ್ಲಿ ಜೀವ ಕರೆಯುವ ಶಾಸ್ತ್ರ ಆಗಲೇಬೇಕು. ಶಾಸ್ತ್ರದ ನಡುವೆ ಆ ಗೋಪುರ ಇರಲೇಬೇಕು. ಮನುಷ್ಯನ ಮೈಯಲ್ಲಿ ಮೂವತ್ತೆರಡು ಜೀವಗಳಿರುತ್ತವೆ. ಹೆದರಿದರೆ, ಜ್ವರ ಬಂದರೆ, ದೂರ ಹೋದರೆ ಒಂದೆರಡು ಜೀವ ಮೈ ಬಿಟ್ಟು ಎಲ್ಲೋ ಉಳಿದುಬಿಡುತ್ತವೆ. ಅವನ್ನು ಹೆಸರು ಹಿಡಿದು ಕರೆದು, ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ, ಮತ್ತೆ ಮೈಯೊಳಗೆ ಕೂರಿಸಬೇಕು. ದಾರವನ್ನು ಮೂರು ದಿನ ಬಿಚ್ಚಬಾರದು, ಕತ್ತರಿಯನ್ನಂತೂ ಯಾವತ್ತೂ ತಾಗಿಸಬಾರದು. ಕರೆಯುವವನು ಒಮ್ಮೆ ಕಾವಿ ಉಟ್ಟು, ಆಮೇಲೆ ಅದನ್ನು ಬಿಟ್ಟ ಗಂಡಸಾಗಿರಬೇಕು. ಅಂಥವನನ್ನು ಆಚಾನ್ ಎನ್ನುತ್ತೇವೆ, ಆಚಾರ್ಯ ಎಂದ ಹಾಗೆ. ಆ ಹೆಸರಿಗೆ ಬುನ್ಲೊಟ್ ತಂದ ಗೌರವ ಎಂಥದೆಂದು ಮುಂದೆ ನೋಡುವಿರಂತೆ.

ಹನ್ನೊಂದನೆಯ ವಯಸ್ಸಿಗೆ ಅವನಮ್ಮ ಅವನನ್ನು ವಿಹಾರಕ್ಕೆ ತಂದು ಬಿಟ್ಟಳು. ಭಕ್ತಿಯಿಂದಲ್ಲ, ಅವನು ತಿನ್ನುತ್ತಿದ್ದ ಅನ್ನಕ್ಕೆ ಹೆದರಿ. ಹದಿನೇಳು ವರ್ಷ ಕಾವಿಯಲ್ಲಿದ್ದ. ಆಮೇಲೆ ವಿಹಾರದ ಬಾಗಿಲಲ್ಲಿ ಲಾಟರಿ ಮಾರುತ್ತಿದ್ದವಳೊಬ್ಬಳಿಗೆ ಮನಸೋತು ಕಾವಿ ಮಡಿಚಿಟ್ಟು ಹೊರಬಂದ. ಅವಳು ಎರಡು ಮಳೆಗಾಲ ಅವನ ಜೊತೆ ಬಾಳಿ, ಸಿಮೆಂಟಿನ ಲಾರಿ ಓಡಿಸುವವನೊಬ್ಬನ ಹಿಂದೆ ಹೋದಳು. ನಾನಾಗಿದ್ದರೆ ಒಂದೇ ಮಳೆಗಾಲಕ್ಕೆ ಹೋಗುತ್ತಿದ್ದೆ. ಮನೆಯ ಮಾಡು ಸೋರುತ್ತಿದ್ದರೆ ಪಾತ್ರೆ ಇಟ್ಟು, ಅದರಲ್ಲಿ ತೊಟ್ಟಿಕ್ಕುವ ಸದ್ದಿಗೆ ತಲೆದೂಗುತ್ತ ಕೂರುವ ಜಾತಿ ಅವನದು.

ಗಂಟಲು ಮಾತ್ರ ಚೆನ್ನಾಗಿತ್ತು, ಅದನ್ನು ಒಪ್ಪುತ್ತೇನೆ. ನಮ್ಮ ಬೀದಿಯ ಹಿರಿಯ ಆಚಾನ್ ಸಿಥೊನ್ ತಾತ ಆ ಗಂಟಲು ಕೇಳಿಯೇ ಅವನನ್ನು ಶಿಷ್ಯನನ್ನಾಗಿ ಮಾಡಿಕೊಂಡದ್ದು. ತಾತ ಜೀವ ಕರೆಯಲು ಕೂತರೆ ಒಂದೂಕಾಲು ಗಂಟೆ. ಕಾಡಿನಂಚಿನಿಂದ ಕರೆಯುತ್ತಿದ್ದ, ಗದ್ದೆಯ ಬದುವಿನಿಂದ ಕರೆಯುತ್ತಿದ್ದ, ಮೀನಿನ ಬಲೆಯಿಂದ, ಆಸ್ಪತ್ರೆಯ ಮಂಚದಿಂದ, ಹಾದಿಯಲ್ಲಿ ಸಿಕ್ಕ ಪರಿಚಯವಿಲ್ಲದವರ ನೆರಳಿನಿಂದ ಕರೆಯುತ್ತಿದ್ದ. ಕೊನೆಗೆ, ಬನ್ನಿ, ನಿಮ್ಮ ಮನೆಯ ಏಣಿ ಇದು, ನಿಮ್ಮ ಒಲೆ ಇದು, ನಿಮ್ಮ ಚಾಪೆ ಇದು ಎನ್ನುವಾಗ ಕೂತವರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ಸಾಯುವ ಮುಂಚೆ ಮಂತ್ರ ಬರೆದಿದ್ದ ತನ್ನ ತಾಳೆಗರಿ ಕಟ್ಟನ್ನು ಬುನ್ಲೊಟನ ಕೈಗಿಟ್ಟ. ಮುದುಕನಿಗೆ ಕಣ್ಣು ಮಂಜಾಗಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತಾತ ಹೋದ ವರ್ಷವೇ ಹೊಳೆದಂಡೆಯ ಒಂದು ಹೋಟೆಲಿನವರು ಬುನ್ಲೊಟನನ್ನು ಕರೆಸಿಕೊಂಡರು. ದಿನಾ ಸಂಜೆ ಐದಕ್ಕೆ, ಜಗುಲಿಯ ಮೇಲೆ, ಪ್ರವಾಸಿಗಳಿಗೆ ಜೀವ ಕರೆಯುವುದು. ಮೊದಲು ಅವನು ಮುಕ್ಕಾಲು ಗಂಟೆ ಹೇಳುತ್ತಿದ್ದ. ಅವರಿಗೆ ಕಾಲು ಮಡಿಸಿ ಕೂರಲು ಬರುತ್ತದೆಯೇ? ಒಬ್ಬ ಗೋಡೆಗೆ ಒರಗುತ್ತಿದ್ದ, ಇನ್ನೊಬ್ಬಳು ಪಾದ ಚಾಚಿ ಗೋಪುರಕ್ಕೇ ತೋರಿಸುತ್ತಿದ್ದಳು. ಮ್ಯಾನೇಜರು ಕೈಗಡಿಯಾರ ತಟ್ಟತೊಡಗಿದ. ಮುಕ್ಕಾಲು ಗಂಟೆ ಅರ್ಧವಾಯಿತು, ಅರ್ಧ ಇಪ್ಪತ್ತು ನಿಮಿಷವಾಯಿತು, ಕೊನೆಗೆ ಹನ್ನೆರಡಕ್ಕೆ ನಿಂತಿತು. ಕಾಡು ಹೋಯಿತು, ಗದ್ದೆ ಹೋಯಿತು, ಆಸ್ಪತ್ರೆಯ ಮಂಚ ಹೋಯಿತು. ನಡುವೆ ಒಂದು ಕಡೆ ಅವನು ಮಾತು ನಿಲ್ಲಿಸಿ, ಮುಖ ಎತ್ತಿ, ಹಲ್ಲು ಬಿಟ್ಟು ಕೂರುತ್ತಿದ್ದ. ಅದು ಫೋಟೋ ತೆಗೆಯುವವರಿಗಾಗಿ.

ಒಂದು ಸಂಜೆ ಒಬ್ಬ ದಪ್ಪನೆಯ ಪ್ರವಾಸಿ, ಈ ಮಂತ್ರಕ್ಕೆ ಅರ್ಥವೇನು ಎಂದು ಕೇಳಿದನಂತೆ. ಮ್ಯಾನೇಜರು, ನಿಮ್ಮ ಜೀವವನ್ನು ಈ ಮನೆಗೆ ಕರೆದು ಕೂರಿಸುತ್ತಿದ್ದಾರೆ ಎಂದನಂತೆ. ಅಯ್ಯೋ, ನನಗೆ ನಾಳೆ ವಿಮಾನ ಇದೆಯಲ್ಲ ಎಂದು ಅವನು ಬಾಯಿ ಬಿಟ್ಟನಂತೆ, ಎಲ್ಲರೂ ನಕ್ಕರಂತೆ. ನಮ್ಮ ಆಚಾನ್ ನಗಲಿಲ್ಲ. ಮೂರು ದಿನ ಕೂತು ಮಂತ್ರವನ್ನೇ ತಿರುಗಿಸಿಬಿಟ್ಟ.

ಅದನ್ನು ನನ್ನ ಅಂಗಡಿಗೆ ಬಂದು ಹೆಮ್ಮೆಯಿಂದ ಹೇಳಿಕೊಂಡ.

"ಅಲ್ಲ ಕೇವಕ್ಕ, ಅವ್ರು ದಾರೀಲಿ ಹೋಗೋ ಜನ. ಅವ್ರ ಜೀವಾನ ಇಲ್ಲಿ ಕೂರಿಸ್ಬಿಟ್ರೆ, ಪಾಪ, ಅವ್ರೂರಿಗೆ ಬರೀ ಮೈ ಹೋಗುತ್ತೆ ಅಷ್ಟೆ. ಅದಕ್ಕೇ ನಾನು ಈಗ 'ಇಲ್ಲಿರ್ಬೇಡಿ, ಮೈ ಜೊತೆ ನಿಮ್ಮೂರಿಗೆ ಹೊರಡಿ' ಅಂತ ಹೇಳ್ತೀನಿ."

"ಸಿಥೊನ್ ತಾತ ಕೇಳಿದ್ರೆ ಚಿತೆಯಿಂದ ಎದ್ದು ಬಂದು ಕಪಾಳಕ್ಕೆ ಬಿಡ್ತಿದ್ದ" ಎಂದೆ.

"ತಾತಂಗೆ ಪ್ರವಾಸಿಗಳು ಗೊತ್ತಿರ್ಲಿಲ್ಲ ಅಕ್ಕ."

"ನಿಮಗೇನು ಗೊತ್ತು ಆಚಾನ್? ಅವ್ರ ಹೆಸರಾದ್ರೂ ಕೇಳ್ತೀರಾ?"

ಮೊದಲು ಕೇಳುತ್ತಿದ್ದನಂತೆ. ಬಾಯಿ ತಿರುಗದ ಹೆಸರುಗಳು ಎಂದು ಬಿಟ್ಟನಂತೆ. ಹೆಸರಿಲ್ಲದವರನ್ನು ಹೆಸರಿಲ್ಲದೆ ಓಡಿಸುವುದು ಹನ್ನೊಂದು ವರ್ಷ ನಡೆಯಿತು. ಅವರು ಆ ದಾರವನ್ನು ಹೋಟೆಲಿನ ಕೋಣೆಯಲ್ಲೇ ಉಗುರು ಕತ್ತರಿಯಿಂದ ಕತ್ತರಿಸಿ ಕಸದ ಬುಟ್ಟಿಗೆ ಹಾಕಿ ಹೋಗುತ್ತಿದ್ದರು. ತಾಳೆಗರಿ ಕಟ್ಟನ್ನೂ ಅವನು ಒಬ್ಬ ಬಿಳಿಗಡ್ಡದ ಪ್ರವಾಸಿಗೆ ಮಾರಿದ. ಕೇಳಿದ್ದಕ್ಕೆ, ನನಗೆ ಬಾಯಿಪಾಠ ಇದೆಯಲ್ಲ ಅಕ್ಕ, ಗೆದ್ದಲು ತಿನ್ನುವುದಕ್ಕಿಂತ ಅವರಾದರೂ ಗಾಜಿನೊಳಗೆ ಇಟ್ಟುಕೊಳ್ಳಲಿ ಎಂದ.

ನನ್ನ ಕೈಯೂ ತೊಳೆದದ್ದೇನಲ್ಲ. ಆ ಹೋಟೆಲಿಗೆ ಗೋಪುರ ಹೋಗುತ್ತಿದ್ದದ್ದು ನನ್ನ ಅಂಗಡಿಯಿಂದಲೇ. ಮೊದಲು ದಿನಕ್ಕೊಂದು, ಆಮೇಲೆ ವಾರಕ್ಕೆರಡು, ಆಮೇಲೆ ತಿಂಗಳಿಗೊಂದು, ಪ್ಲಾಸ್ಟಿಕ್ ಹೂವಿನದು. ಅಂಗೈಯಲ್ಲಿ ಇಡುವ ಬೇಯಿಸಿದ ಮೊಟ್ಟೆಗೆ ಬದಲು ಮೇಣದ ಮೊಟ್ಟೆ ತಂದುಕೊಟ್ಟವಳೂ ನಾನೇ. ಆದರೆ ನಾನು ಎಲೆ ಸುತ್ತುವವಳು. ಮಂತ್ರ ನನ್ನದಲ್ಲ.

ಇನ್ನು ನನ್ನ ತಂಗಿಯ ವಿಷಯಕ್ಕೆ ಬರುತ್ತೇನೆ. ದಾವೋನ್ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅಮ್ಮ ತೀರಿಕೊಂಡ ಮೇಲೆ ಅವಳ ತಲೆ ಬಾಚಿದ್ದು, ಅನ್ನ ತಿನ್ನಿಸಿದ್ದು, ಬೆನ್ನಿಗೆ ಬಾರಿಸಿದ್ದು ಎಲ್ಲ ನಾನೇ. ಆರು ವರ್ಷದ ಹಿಂದೆ ಗಡಿಯ ಹೊಳೆಯ ಸೇತುವೆ ದಾಟಿ, ಥಾಯ್ಲೆಂಡಿನ ಉದೊನ್ ಪಟ್ಟಣಕ್ಕೆ ಕೆಲಸಕ್ಕೆ ಹೋದಳು. ಮೂರು ತಿಂಗಳಲ್ಲಿ ಬರುತ್ತೇನೆಂದವಳು ಹೊಸ ವರ್ಷಕ್ಕೊಮ್ಮೆ ಮುಖ ತೋರಿಸುವ ನೆಂಟಳಾದಳು. ಅಲ್ಲಿ ಮೀನು ಸುಡುವ ಅಂಗಡಿ ಇಟ್ಟಿದ್ದ ಪ್ರಸೋಂಗ್ ಎಂಬವನ ಜೊತೆ ಇದ್ದಳು. ಹೆಂಡತಿ ಸತ್ತವನು, ಎಡಗಾಲು ಎಳೆದು ನಡೆಯುವವನು, ವಯಸ್ಸಿನಲ್ಲಿ ನನ್ನ ಓರಗೆಯವನು. ಮದುವೆ ಇಲ್ಲ, ದಾರ ಕಟ್ಟಿಲ್ಲ, ಹಿರಿಯರ ಮುಂದೆ ಮಂಡಿಯೂರಿಲ್ಲ. ಅದಕ್ಕೆ ಏನು ಹೆಸರು ಕೊಡಬೇಕೋ ನನಗೆ ತಿಳಿಯದು.

ಕಳೆದ ಮಳೆಗಾಲದಲ್ಲಿ ಅವಳಿಗೆ ಕೆಟ್ಟ ಜ್ವರ ಬಂತು. ನಾನು ಹೋದೆ. ಜ್ವರ ಬಿಟ್ಟ ಮೇಲೆ ಅವಳನ್ನು ವ್ಯಾನಿನಲ್ಲಿ ಮಲಗಿಸಿಕೊಂಡು ಸೇತುವೆ ದಾಟಿಸಿ ತಂದೆ. ಹುಷಾರಾಗುವ ತನಕ ಮಾತ್ರ ಎಂದು ಅವನಿಗೆ ಹೇಳಿದೆ. ಹುಷಾರಾದ ಮೇಲೆ ಕಳಿಸುವ ಯೋಚನೆ ನನಗಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಅವಳ ಫೋನು ನನ್ನ ಸೊಂಟದ ಚೀಲದಲ್ಲಿತ್ತು. ಅವನು ಮಾಡಿದಾಗಲೆಲ್ಲ ಮಲಗಿದ್ದಾಳೆ ಎನ್ನುತ್ತಿದ್ದೆ.

ಮೈ ಗೆಲುವಾಯಿತು, ಅವಳು ಗೆಲುವಾಗಲಿಲ್ಲ. ಗೋಡೆ ನೋಡುತ್ತ ಕೂತಿರುತ್ತಿದ್ದಳು. ಅಂಟು ಅನ್ನವನ್ನು ಮೂರು ಉಂಡೆ ನುಂಗಿ ಬುಟ್ಟಿ ಮುಚ್ಚುತ್ತಿದ್ದಳು. ಇಪ್ಪತ್ತಾರು ದಿನ ಬಾಯಿಂದ ಒಂದು ಮಾತಿಲ್ಲ. ಡಾಕ್ಟರು ರಕ್ತ ನೋಡಿ, ಏನೂ ಇಲ್ಲ ಎಂದು ಕಳಿಸಿದರು. ಪಕ್ಕದ ಮನೆಯ ನುವಾನ್ ಅಜ್ಜಿ, ಎಂಬತ್ತರ ಮುದುಕಿ, ಅವಳ ಗಲ್ಲ ಹಿಡಿದೆತ್ತಿ ನೋಡಿದಳು.

"ಇವಳು ಇಲ್ಲಿಲ್ಲ ಕಣೇ ಕೇವ್. ಮೈ ಒಂದನ್ನ ಹೊತ್ಕೊಂಡು ಬಂದಿದೀಯ. ಜೀವ ಅಲ್ಲೇ ಬಿಟ್ಟು ಬಂದಿದೀಯ."

"ಹಾಗಾದ್ರೆ ಕರೆಸೋಣ ಅಜ್ಜಿ."

"ಯಾರ್ನ ಕರೆಸ್ತೀಯ? ಸಿಥೊನ್ ಹೋದ. ಉಳ್ದಿರೋನು ಆ ಹೋಟ್ಲು ಗಿಣಿ ಒಬ್ನೇ."

ಆ ಮಂತ್ರವನ್ನು ತಾತನ ಬಾಯಿಂದ ಕಲಿತವರು ಬೇರೆ ಯಾರೂ ಇರಲಿಲ್ಲ. ನನಗೆ ಬೇಕಾಗಿದ್ದು ಇಷ್ಟೇ: ಅವಳ ಜೀವ ನನ್ನ ಮನೆಗೆ ಬರಬೇಕು, ಅವಳು ಇಲ್ಲೇ ಉಳಿಯಬೇಕು. ಅದಕ್ಕಾಗಿ ಹಲ್ಲು ಕಚ್ಚಿಕೊಂಡು ಬುನ್ಲೊಟನ ಮನೆಗೆ ಹೋದೆ. ಅವನು ಹೋಟೆಲಿನವರು ಕೊಟ್ಟಿದ್ದ ರೇಷ್ಮೆ ವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದ.

"ಏನ್ ಆಚಾನ್, ಮನೆಯೋರಿಗೂ ಜೀವ ಕರೀತೀರೋ, ಇಲ್ಲ ಕ್ಯಾಮೆರಾ ಇದ್ರೆ ಮಾತ್ರಾನೋ?"

ಅವನು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟ. "ಯಾರಿಗಕ್ಕ? ದಾವೋನ್‌ಗಾ?"

"ಹೂಂ. ಪೂರ್ತಿ ಕರೀಬೇಕು. ತಾತ ಕರೀತಿದ್ದ ಹಾಗೆ."

"ಎಷ್ಟು ವರ್ಷ ಆಯ್ತಕ್ಕ ನಮ್ಮೋರು ಯಾರಾದ್ರೂ ನನ್ನ ಕರ್ದು!" ಎಂದ. ಅವನ ಕಣ್ಣು ಒದ್ದೆಯಾಗಿತ್ತು. ನನಗೆ ಅದು ಹೇಸಿಗೆ ಎನಿಸಿತು. ಹೊಗೆ ಕುಡಿದವನ ಹಾಗೆ ಕಣ್ಣೀರು ತರುವುದು ಅವನಿಗೆ ಕಷ್ಟವೇನಲ್ಲ. "ನಾಳಿದ್ದು ಬೆಳಿಗ್ಗೆ ಬರ್ತೀನಿ. ನನಗೇನೂ ಕೊಡ್ಬೇಡಿ."

"ಕೊಡ್ತೀನಿ ಅಂತ ಯಾರಂದ್ರು?" ಎಂದು ಹೇಳಿ ಬಂದೆ.

ಆ ಗೋಪುರವನ್ನು ನಾನು ಜನ್ಮದಲ್ಲಿ ಕಟ್ಟಿಲ್ಲದ ಹಾಗೆ ಕಟ್ಟಿದೆ. ಐದು ಮೆಟ್ಟಿಲು, ಎಲೆಯಲ್ಲಿ ಒಂದು ಹರಕು ಇಲ್ಲ, ಎಲ್ಲ ಅಂದೇ ಕೊಯ್ದ ಹೂವು. ಸುತ್ತ ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಅನ್ನದ ಉಂಡೆ, ಕೋಳಿ, ಅಕ್ಕಿ ಸಾರಾಯಿ ಇಟ್ಟೆ. ಬೀದಿಯವರು ಹದಿನೈದು ಜನ ಬಂದು ಕೂತರು. ದಾವೋನಳನ್ನು ಗೋಪುರದ ಮುಂದೆ ಕೂರಿಸಿದೆವು. ನಾನು ಅವಳ ಮೊಣಕೈ ಮುಟ್ಟಿದೆ, ಅಜ್ಜಿ ನನ್ನದನ್ನು, ಹೀಗೆ ಒಬ್ಬರನ್ನೊಬ್ಬರು ಮುಟ್ಟಿಕೊಂಡು ಕೈ ಜೋಡಿಸಿದೆವು.

ಬುನ್ಲೊಟ್ ಇಸ್ತ್ರಿ ಮಾಡಿದ ರೇಷ್ಮೆ ವಸ್ತ್ರ ಹೆಗಲಿಗೇರಿಸಿ ಬಂದ. ಕೂತ. ಕಣ್ಣು ಮುಚ್ಚಿದ. ಶುರುಮಾಡಿದ. ಶುರು ಚೆನ್ನಾಗಿಯೇ ಇತ್ತು. ಬುದ್ಧನಿಗೆ ವಂದನೆ, ದಿಕ್ಕುಗಳಿಗೆ ವಂದನೆ, ಇವತ್ತು ಒಳ್ಳೆಯ ದಿನ, ಒಳ್ಳೆಯ ಗಳಿಗೆ ಎನ್ನುವುದೆಲ್ಲ ತಾತನ ಧಾಟಿಯಲ್ಲೇ ಬಂತು. ನನ್ನ ತಂಗಿಯ ಹೆಸರನ್ನು ಮೂರು ಸಲ ಕರೆದ. ಇವನನ್ನು ಬೈದದ್ದು ಅತಿಯಾಯಿತೇನೋ ಎಂದು ಒಂದು ಗಳಿಗೆ ಅಂದುಕೊಂಡದ್ದೂ ನಿಜ.

ಅಷ್ಟರಲ್ಲಿ ಹನ್ನೊಂದು ವರ್ಷದ ಅಭ್ಯಾಸ ಅವನ ನಾಲಿಗೆಯ ಮೇಲೆ ಹತ್ತಿ ಕೂತಿತು.

"ಓ ಜೀವಗಳೇ, ಈ ಹೊಳೆದಂಡೆಯಲ್ಲಿ ಹಿಂದೆ ಉಳಿಯಬೇಡಿ. ನೋಡಿದ್ದು ಸಾಕು, ಉಂಡದ್ದು ಸಾಕು, ಗಂಟು ಕಟ್ಟಿಕೊಳ್ಳಿ. ಈ ಮೈಯ ಜೊತೆಗೇ ಹೊರಡಿ. ನಿಮ್ಮ ಊರು ದೂರ ಇದೆ, ನಿಮ್ಮ ಹಾಸಿಗೆ ಅಲ್ಲಿದೆ, ನಿಮ್ಮ ದಾರಿ ಕಾಯುವವರು ಅಲ್ಲಿದ್ದಾರೆ. ಒಂದೂ ಇಲ್ಲಿ ನಿಲ್ಲದೆ ಹೋಗಿ. ಎಲ್ಲ ಮೂವತ್ತೆರಡೂ ಹೋಗಿ, ಹೋಗಿ."

ಹಾಡುವ ಹಾಗೆ ಎಳೆದು ಹೇಳಿದ. ಹೇಳಿ ನಿಲ್ಲಿಸಿದ. ಮುಖ ಎತ್ತಿದ. ಹಲ್ಲು ಬಿಟ್ಟ.

ಅವನ ಎದುರಿಗೆ ಕ್ಯಾಮೆರಾ ಇರಲಿಲ್ಲ, ನುವಾನ್ ಅಜ್ಜಿ ಇದ್ದಳು.

"ಏನಂದೆಯೋ?" ಎಂದಳು ಅಜ್ಜಿ. "ಏನೋ ಅಂದೆ ನೀನು? ಹುಷಾರಿಲ್ದೋಳ ಜೀವಕ್ಕೆ ಹೋಗು ಅಂದ್ಯಾ?"

ಅವನ ಹಲ್ಲು ಹಾಗೇ ಇತ್ತು, ಮುಖದ ಬಣ್ಣ ಮಾತ್ರ ಇಳಿಯಿತು. ಮೊದಲಿಂದ ತೆಗೆದುಕೊಂಡ. ವಂದನೆ, ದಿಕ್ಕು, ಒಳ್ಳೆಯ ದಿನ, ಒಳ್ಳೆಯ ಗಳಿಗೆ. ಆ ಜಾಗಕ್ಕೆ ಬಂದ. ಮತ್ತೆ 'ಹೊಳೆದಂಡೆ' ಎಂದು ಬಾಯಿ ತೆರೆದು ಕಚ್ಚಿಕೊಂಡ. ಕಾಡಿನಂಚಿನ ಮಾತು ಬರಲಿಲ್ಲ. ಏಣಿ, ಒಲೆ, ಚಾಪೆ ಯಾವುದೂ ಬರಲಿಲ್ಲ. ಅವನಿಗೆ ಉಳಿದಿದ್ದದ್ದು ಹನ್ನೆರಡು ನಿಮಿಷ ಮಾತ್ರ.

"ತಾಳೆಗರಿ ತರಿಸೋ ಹಾಗಿದ್ರೆ ತರಿಸಿ ಆಚಾನ್" ಎಂದೆ. "ಗಾಜಿನೊಳಗೆ ಭದ್ರವಾಗಿರುತ್ತಲ್ಲ." ಆಮೇಲೆ ನನ್ನ ತಾಳ್ಮೆ ಕೆಟ್ಟಿತು. "ಎದ್ದು ಹೋಗೋ! ನನ್ನ ಮನೇಲಿ ಕೂತು ನನ್ನ ತಂಗೀನೇ ಓಡಿಸ್ತೀಯಾ? ದಾರ ಮುಟ್ಬೇಡ. ಎದ್ದು ಹೋಗು!"

ಅವನು ಏಳಲು ನೆಲಕ್ಕೆ ಕೈಯೂರಿದ. ಆಗ ದಾವೋನ್ ಅವನ ಕಡೆಗೆ ತಿರುಗಿ, ಬಲಗೈ ಚಾಚಿದಳು.

"ಕಟ್ಟಿ ಆಚಾನ್" ಎಂದಳು.

ಇಪ್ಪತ್ತಾರು ದಿನಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಅವನು ನನ್ನ ಮುಖ ನೋಡಿದ, ಅವಳ ಕೈ ನೋಡಿದ. ದಾರ ಕಟ್ಟಿದ. ಗಂಟು ಎರಡು ಸಲ ಜಾರಿತು. ಬೀದಿಯವರೂ ಒಬ್ಬೊಬ್ಬರಾಗಿ ಕಟ್ಟುತ್ತ, ಬಾ ತಾಯಿ, ಬಾ ಮನೆಗೆ ಎಂದು ಪಿಸುಗುಟ್ಟಿದರು, ಅವನು ಅಂದದ್ದನ್ನು ತಮ್ಮ ಕೈಲಾದಷ್ಟು ಅಳಿಸುವವರ ಹಾಗೆ.

ಮೂರು ದಿನ ಅವಳು ಹೊಟ್ಟೆ ತುಂಬ ಉಂಡಳು. ನಾಲ್ಕನೆಯ ಬೆಳಿಗ್ಗೆ ನಾನು ಎಲೆ ತೊಳೆದು ಒಳಗೆ ಬಂದರೆ, ಅವಳು ಸ್ನಾನ ಮಾಡಿ, ದಾರಗಳನ್ನು ಒಂದೊಂದಾಗಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಬಟ್ಟೆಯ ಚೀಲ ಇತ್ತು.

"ನನ್ನ ಫೋನ್ ಕೊಡಕ್ಕ."

"ಎಲ್ಲಿಗೇ ಹೊರಟಿದೀಯ?"

"ಉದೊನ್‌ಗೆ."

"ಆ ಕುಂಟನ ಹತ್ರಾನಾ?"

"ಅವ್ರಿಗೊಂದು ಹೆಸರಿದೆ ಅಕ್ಕ. ಆರು ವರ್ಷದಲ್ಲಿ ಒಂದ್ಸಲ ಆದ್ರೂ ಹೇಳಿದೀಯಾ?"

ನಾನು ಬಾಗಿಲಿಗೆ ಅಡ್ಡ ನಿಂತೆ. "ದಾವೋನ್, ಆವತ್ತು ಆಚಾನ್ ಅಂದದ್ದು ತಪ್ಪು ಕಣೇ. ಅದು ಪ್ರವಾಸಿಗಳಿಗೆ ಹೇಳೋದು. ಬಾಯಿ ತಪ್ಪಿ ಬಂತು. ಅದನ್ನ ಮನಸ್ಸಿಗೆ ಹಚ್ಕೋಬೇಡ."

"ತಪ್ಪೇ ಇರ್ಲಿ. ಈ ಊರಲ್ಲಿ ನನಗೆ ಹೋಗು ಅಂದೋರು ಅವ್ರೊಬ್ರೇ."

"ನಾನು ನಿನ್ನ ಸಾಕಿದೀನಿ ಕಣೇ!"

"ಹೌದಕ್ಕ. ಅದಕ್ಕೇ ಇಪ್ಪತ್ತಾರು ದಿನ ಸುಮ್ನಿದ್ದೆ. ಬೇರೆಯೋರಾಗಿದ್ರೆ ಮೊದಲ್ನೇ ದಿನವೇ ಹೋಗ್ತಿದ್ದೆ" ಎಂದಳು. ಸಿಟ್ಟಿನಿಂದಲ್ಲ, ಮೆಲ್ಲಗೆ ಹೇಳಿದಳು. ಸಿಟ್ಟಿನಿಂದ ಹೇಳಿದ್ದರೆ ನಾನು ತಡೆಯುತ್ತಿದ್ದೆ. ಫೋನು ಕೊಟ್ಟೆ. ಅವಳು ನನ್ನ ಕಾಲ ಬಳಿ ಮಂಡಿಯೂರಿ ಕೈಮುಗಿದು, ಸೇತುವೆಯ ಕಡೆ ಹೋಗುವ ಬಸ್ಸಿಗೆ ನಡೆದಳು.

ನುವಾನ್ ಅಜ್ಜಿ ಬೇಲಿಯ ಆಚೆಯಿಂದ, ಹುಡುಗಿ ಎಲ್ಲಿ ಎಂದು ಕೂಗಿದಳು. ನಾನು ಏನು ಹೇಳಲಿ? ನಾನು ಕದ್ದು ತಂದಿದ್ದೆ, ಅವಳು ತನ್ನ ಮನೆಗೆ ಹೋದಳು ಎನ್ನಲೇ?

"ಹೋದ್ಲು ಅಜ್ಜಿ. ಅವನು ಓಡಿಸಿದ್ದು ಕೆಲಸ ಮಾಡ್ತು" ಎಂದೆ.

ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಗೊತ್ತಾಯಿತು. ಆಚಾನ್ ಬುನ್ಲೊಟ್ ಒಂದು ಹೆಣ್ಣಿನ ಜೀವವನ್ನು ಮನೆಯಿಂದ ಹೊರಗೆ ಹಾಕಿದ, ಅವಳು ಎತ್ತ ಹೋದಳೋ ಸುಳಿವೇ ಇಲ್ಲ ಎಂದಾಯಿತು. ಎತ್ತ ಎನ್ನುವುದನ್ನು ನಾನು ಹೇಳಲಿಲ್ಲ. ಅವನನ್ನು ಕಂಡರೆ ತಾಯಂದಿರು ಮಕ್ಕಳ ಕೈ ಹಿಡಿದು ಬೆನ್ನ ಹಿಂದಕ್ಕೆ ಎಳೆದುಕೊಳ್ಳತೊಡಗಿದರು. ಒಂದು ವಾರ ತಾಳಿದ. ಎಂಟನೆಯ ದಿನ ರೇಷ್ಮೆ ವಸ್ತ್ರ ಮಡಿಚಿ ಹೋಟೆಲಿಗೆ ವಾಪಸು ಕೊಟ್ಟು ಬಂದ. ಮ್ಯಾನೇಜರು ಅವನ ಜಾಗಕ್ಕೆ ಕಾವಿಯನ್ನು ಹತ್ತಿರದಿಂದಲೂ ನೋಡದ ಒಬ್ಬ ಹುರಿಮೀಸೆಯವನನ್ನು ಕೂರಿಸಿದ್ದಾನೆ. ಅವನು ಒಂಬತ್ತು ನಿಮಿಷದಲ್ಲಿ ಮುಗಿಸುತ್ತಾನೆ, ಪ್ರವಾಸಿಗಳಿಗೆ ಅದೂ ಬಹಳ ಶಾಂತವಾಗಿದೆಯಂತೆ.

ಬುನ್ಲೊಟ್ ಈಗ ದಿನಾ ಬೆಳಿಗ್ಗೆ ಬಸ್ಸು ಹತ್ತಿ, ಊರಾಚೆಯ ಒಂದು ಹಳೆಯ ವಿಹಾರಕ್ಕೆ ಹೋಗುತ್ತಾನೆ. ಅಲ್ಲಿ ತಾತನ ಓರಗೆಯ ಭಿಕ್ಷುವೊಬ್ಬರಿಗೆ ಪೂರ್ತಿ ಮಂತ್ರ ಗೊತ್ತಂತೆ. ಐವತ್ತೆಂಟು ವರ್ಷದವನು ಅವರ ಮುಂದೆ ಮಗುವಿನ ಹಾಗೆ ಕೂತು ಸಾಲು ಸಾಲಾಗಿ ಬಾಯಿಪಾಠ ಮಾಡುತ್ತಾನಂತೆ. ತಿರುಗಿ ಬರುವಾಗ ನನ್ನ ಅಂಗಡಿಯ ಮುಂದೆ ನಿಲ್ಲುತ್ತಾನೆ. ಬಡಕಲಾಗಿದ್ದಾನೆ. ದಿನವೂ ಅದೇ ಪ್ರಶ್ನೆ.

"ಏನಾದ್ರೂ ಸುದ್ದಿ ಬಂತಾ ಅಕ್ಕ?"

"ಇಲ್ಲ."

ಸುದ್ದಿ ಪ್ರತಿ ಭಾನುವಾರ ಬರುತ್ತದೆ. ದಾವೋನ್ ಫೋನು ಮಾಡುತ್ತಾಳೆ. ಫೋಟೋ ಕಳಿಸುತ್ತಾಳೆ: ಕೆಂಡದ ಮೇಲೆ ಉಪ್ಪು ಸವರಿದ ಮೀನು, ಅದರ ಹಿಂದೆ ಬಾಯಿ ತುಂಬ ನಗುತ್ತಿರುವ ಅವಳು, ಪಕ್ಕದಲ್ಲಿ ಬೀಸಣಿಗೆ ಹಿಡಿದ ಅವನು. ಎರಡನೆಯ ಭಾನುವಾರವೇ, ಆಚಾನ್‌ಗೆ ನನ್ನ ನಮಸ್ಕಾರ ಹೇಳಕ್ಕ, ಅವರಿಂದ ದೊಡ್ಡ ಉಪಕಾರ ಆಯಿತು ಎಂದಳು. ಹೇಳುತ್ತೇನೆ ಎಂದೆ.

ಹೇಳಲಿಲ್ಲ. ಹೇಳಿದರೆ ಅವನು ಆ ಕ್ಷಣವೇ ನೆಟ್ಟಗಾಗುತ್ತಾನೆ. ಆಮೇಲೆ ಬೀದಿಯವರು ಯಾರ ಕಡೆ ತಿರುಗುತ್ತಾರೆ? ಅವನು ಬಾಯಿ ತಪ್ಪಿ ಓಡಿಸಿದ್ದರಿಂದ ನನ್ನ ತಂಗಿ ಹೋದಳು ಎನ್ನುವವರೆಗೆ ನಾನು ತಂಗಿಯನ್ನು ಕಳೆದುಕೊಂಡ ಅಕ್ಕ. ಇಲ್ಲವಾದರೆ ತಂಗಿಯೇ ಬಿಟ್ಟುಹೋದ ಅಕ್ಕ. ಇವೆರಡರ ನಡುವಿನ ದೂರ ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು.

ಕಳೆದ ತಿಂಗಳು ಅವನು ಅಂಗಡಿಯೊಳಗೇ ಬಂದು ಮಂಡಿಯೂರಿದ.

"ಅಕ್ಕ, ಪೂರ್ತಿ ಬಂತು. ಒಂದಕ್ಷರ ಬಿಟ್ಟಿಲ್ಲ. ಆಳು ಎದುರಿಗಿಲ್ದೆ ಇದ್ರೂ ಕರೀಬಹುದಂತೆ, ಅವ್ರು ಉಟ್ಟ ಬಟ್ಟೆ ಒಂದಿದ್ರೆ ಸಾಕಂತೆ. ದಾವೋನ್‌ದು ಏನಾದ್ರೂ ಇದ್ರೆ ಕೊಡಿ. ನಾನು ಕಳಿಸಿದ್ದನ್ನ ನಾನೇ ಕರ್ಕೊಂಡ್ ಬರ್ತೀನಿ."

ಅವಳ ಒಂದು ಹಳೆಯ ರವಿಕೆ ನನ್ನ ಪೆಟ್ಟಿಗೆಯಲ್ಲಿತ್ತು. ಆಗಲಾದರೂ ನಿಜ ಹೇಳಬಹುದಿತ್ತು. ರವಿಕೆ ತಂದು ತಟ್ಟೆಯಲ್ಲಿಟ್ಟೆ. ಮತ್ತೆ ಐದು ಮೆಟ್ಟಿಲಿನ ಗೋಪುರ ಕಟ್ಟಿದೆ.

ಅವನು ಒಂದೂಕಾಲು ಗಂಟೆ ಕರೆದ. ಕಾಡಿನಂಚು ಬಂತು, ಗದ್ದೆಯ ಬದು ಬಂತು, ಮೀನಿನ ಬಲೆ, ಆಸ್ಪತ್ರೆಯ ಮಂಚ, ಪರಿಚಯವಿಲ್ಲದವರ ನೆರಳು ಎಲ್ಲ ಬಂತು. ಅವನ ಕತ್ತಿನಿಂದ ಬೆವರು ಇಳಿದು ಅಂಗಿ ಒದ್ದೆಯಾಯಿತು. ಬಾ, ನಿನ್ನ ಏಣಿ ಇದು, ನಿನ್ನ ಒಲೆ ಇದು, ನಿನ್ನ ಅಕ್ಕ ಇವಳು ಎಂದಾಗ ನುವಾನ್ ಅಜ್ಜಿ ಬಿಕ್ಕಿದಳು. ಕೊಂಕು ತೆಗೆಯಲು ನನಗೆ ಒಂದು ಜಾಗವೂ ಸಿಗಲಿಲ್ಲ. ಕೈ ಜೋಡಿಸಿ, ಹಣೆ ನೆಲಕ್ಕೆ ಹಚ್ಚಿ, ಫಲಿಸಲಿ ಎಂದು ಬೇಡಿಕೊಂಡೆ. ನಗುತ್ತಿರುವ ಅವಳ ಫೋಟೋ ನನ್ನ ಸೊಂಟದ ಚೀಲದಲ್ಲಿತ್ತು.

ಭಾನುವಾರ ಫೋನು ಬಂತು.

"ಮೈ ಹೇಗಿದೆಯೇ?" ಎಂದು ಕೇಳಿದೆ.

"ಚೆನ್ನಾಗಿದೆಯಕ್ಕ."

"ಊಟ ಸೇರುತ್ತಾ? ಕೈಕಾಲಲ್ಲಿ ನಿಶ್ಶಕ್ತಿ, ಏನೂ ಬೇಡ ಅನ್ಸೋದು, ಆ ಥರ ಏನಾದ್ರೂ?"

"ಇಲ್ವಲ್ಲ. ಯಾಕಕ್ಕ, ಕೆಟ್ಟ ಕನಸು ಬಿತ್ತಾ?"

"ಇಲ್ಲ. ಸುಮ್ನೆ ಕೇಳ್ದೆ" ಎಂದು ಇಟ್ಟೆ.

ಮರುದಿನ ಬೆಳಿಗ್ಗೆ ಬುನ್ಲೊಟ್ ಬಂದು ನಿಂತ. ನಾನು ಎಲೆ ಸುತ್ತುತ್ತಿದ್ದೆ, ತಲೆ ಎತ್ತಲಿಲ್ಲ.

"ಸುದ್ದಿ ಬಂತಾ ಅಕ್ಕ?"

"ಇಲ್ಲ" ಎಂದೆ. "ಇನ್ನೊಂದ್ಸಲ ಕರೀರಿ ಆಚಾನ್. ನೀವು ಕಳಿಸಿದ್ದು ತಾನೇ."